ಬ್ರೆಡ್ಡಕ್ಕ ಕಂಡ ಪ್ರಾಣಿ

ನಮ್ಮ ಬೀದಿಯಲ್ಲಿ ಅವಳಿಗೆ ಬ್ರೆಡ್ಡಕ್ಕ ಅಂತಲೇ ಹೆಸರು. ಬೇಕರಿಯ ವ್ಯಾನ್ ಓಡಿಸುತ್ತಿದ್ದಳು. ಬೆಳಕು ಹರಿಯುವ ಮುಂಚೆ ಬೇಕರಿಯ ಹಿಂಬಾಗಿಲಲ್ಲಿ ಬ್ರೆಡ್ಡು, ಬನ್ನು, ರಸ್ಕಿನ ಟ್ರೇಗಳನ್ನು ತುಂಬಿಕೊಂಡು ಹೊರಟರೆ, ಊರಾಚೆಯ ಹಳ್ಳಿಗಳ ಅಂಗಡಿಗಳಿಗೆಲ್ಲ ಹಂಚಿ, ಬಿಸಿಲೇರುವ ಹೊತ್ತಿಗೆ ಖಾಲಿ ಟ್ರೇಗಳ ಗಡಗಡ ಸದ್ದಿನೊಂದಿಗೆ ವಾಪಸ್ಸು ಬರುತ್ತಿದ್ದಳು. ಆ ಸದ್ದು ಕೇಳಿಯೇ ನಮ್ಮಮ್ಮ ಮಧ್ಯಾಹ್ನದ ಅಡುಗೆಗೆ ಒಲೆ ಹಚ್ಚುತ್ತಿದ್ದಳು. ನಮ್ಮ ಮನೆಯಲ್ಲಿ ಗಡಿಯಾರ ಇತ್ತು, ಅದನ್ನು ನೋಡುವ ಅಭ್ಯಾಸ ಮಾತ್ರ ಯಾರಿಗೂ ಇರಲಿಲ್ಲ.

ಅದಕ್ಕೂ ಮುಂಚೆ ಆ ವ್ಯಾನ್ ಓಡಿಸುತ್ತಿದ್ದವನು ಅವಳ ಗಂಡ. ಅವನ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಕಣ್ಣಿಗೆ ಕತ್ತಿ ಹಾಕುತ್ತಾರೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಅವನು ಆಸ್ಪತ್ರೆಯ ಮೆಟ್ಟಿಲಿಳಿದು ಬಂದುಬಿಟ್ಟಿದ್ದ. ಕೊನೆಗೆ ಒಂದು ದಿನ ರಸ್ತೆ ಬದಿ ನಿಂತಿದ್ದ ಪೊಲೀಸನನ್ನು ಕಂಬ ಅಂದುಕೊಂಡು ಅವನಿಗೆ ಒರಗಿಸಿದ ಹಾಗೆ ಗಾಡಿ ನಿಲ್ಲಿಸಿದ ಮೇಲೆ, ಬ್ರೆಡ್ಡಕ್ಕ ಕೀಲಿ ಕಿತ್ತುಕೊಂಡಳು. ತಾನೇ ಓಡಿಸಲು ಕಲಿತಳು. ಕಲಿಸಿದವನು ಅವನೇ, ಪಕ್ಕದಲ್ಲಿ ಕೂತು, ಕಿವಿಯಿಂದ. "ಗೇರು ಬದಲಾಯಿಸು, ಇಂಜಿನ್ ಅಳ್ತಾ ಇದೆ" ಅನ್ನುವನು. ಅವಳು ಬದಲಾಯಿಸುವಳು.

ಅನುಮಾನ ಅವಳ ಹುಟ್ಟುಗುಣ. ಹಾಲಿನ ಪಾತ್ರೆಗೆ ಮೂಗು ತಾಗಿಸದೆ ಒಲೆ ಮೇಲೆ ಇಟ್ಟವಳಲ್ಲ. ಪ್ರತಿ ಬೆಳಗ್ಗೆ ವ್ಯಾನಿನ ಟೈರುಗಳನ್ನು ಕೋಲಿನಿಂದ ಬಡಿದು, ಬಗ್ಗಿ ಅಡಿಭಾಗ ನೋಡಿ, ಆಮೇಲೆ ಸೀಟಿಗೆ ಏರುತ್ತಿದ್ದಳು. ಯಾರಾದರೂ ಹೊಗಳಿದರೆ, ಇವನಿಗೆ ಏನೋ ಬೇಕಾಗಿದೆ ಅಂತ ಕಣ್ಣು ಕಿರಿದು ಮಾಡುವಳು. ಅವಳ ಗಂಡ ಇದನ್ನು ಚೆನ್ನಾಗಿ ಹೇಳುತ್ತಿದ್ದ: "ಮದುವೆಗೆ ಮುಂಚೆ ನಮ್ಮ ಮನೆಗೆ ಬಂದವಳು, ಕೂತಿದ್ದ ಕುರ್ಚಿ ತಟ್ಟಿ ನೋಡಿ, ಇದು ನಿಮ್ಮದೇನಾ ಪಕ್ಕದ ಮನೆಯಿಂದ ತಂದಿದ್ದಾ ಅಂತ ಕೇಳಿದ್ಲು."

"ಪಕ್ಕದ ಮನೇದೇ ಆಗಿತ್ತು," ಅಂತ ಅವಳು ಒಳಗಿಂದ ಹೇಳುವಳು.

ಇಂಥವಳಿಗೆ, ತನ್ನ ಮೇಲೆ ಊರು ಅನುಮಾನಪಟ್ಟರೆ ಹೇಗಿರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಕ್ವಾರಿ ತಿರುವಿನಲ್ಲಿ.

ಪೇಟೆ ದಾಟಿ ಒಂದಷ್ಟು ದೂರ ಹೋದರೆ ಕಲ್ಲು ಒಡೆಯುವ ಕ್ವಾರಿ ಇದೆ. ಒಂದು ಕಡೆ ಕೆಲಸ ನಡೆಯುತ್ತದೆ, ಇನ್ನೊಂದು ಕಡೆ ಬಿಟ್ಟುಹೋದ ಹಳೇ ಗುಂಡಿಗಳು, ಮುಳ್ಳುಪೊದೆ. ನಡುವೆ ರಸ್ತೆ ಒಮ್ಮೆಲೇ ಬಲಕ್ಕೆ ಹೊರಳುತ್ತದೆ. ಆ ಬೆಳಗ್ಗೆ ಮಂಜು ಇತ್ತು, ಬೆಳಕು ಇನ್ನೂ ಹಾಲುಬಣ್ಣದಲ್ಲೇ ಇತ್ತು. ಅವಳು ತಿರುವಿಗೆ ನಿಧಾನ ಮಾಡಿದಳು. ಗಾಡಿ ಹೊರಳುತ್ತಿದ್ದ ಹಾಗೆ ರಸ್ತೆ ನಡುವೆ ಒಂದು ಪ್ರಾಣಿ ನಿಂತಿತ್ತು.

ನಾಯಿ ಅಂದುಕೊಂಡಳು, ನಾಯಿ ಅಲ್ಲ. ಕರು ಅಂದುಕೊಂಡಳು, ಅದೂ ಅಲ್ಲ. ಮುಂದುಗಡೆ ಎತ್ತರ, ಹಿಂದುಗಡೆ ತಗ್ಗು, ಬೆನ್ನು ಜಾರುಬಂಡೆಯ ಹಾಗೆ ಇಳಿದಿತ್ತು. ಬೂದು ಮೈಮೇಲೆ ಕಪ್ಪು ಪಟ್ಟೆಗಳು. ಕಿವಿಗಳು ದೊಡ್ಡವು, ನೆಟ್ಟಗೆ. ಗಾಡಿ ಕಂಡರೆ ಯಾವ ಕಾಡುಪ್ರಾಣಿಯಾದರೂ ಓಡಬೇಕು, ಇದು ಓಡಲಿಲ್ಲ. ಯಾರನ್ನೋ ಕಾಯುತ್ತಿದ್ದ ಹಾಗೆ ಗಾಡಿಯ ಕಡೆಗೇ ಎರಡು ಹೆಜ್ಜೆ ಬಂತು. ಆಮೇಲೆ, ಬಂದವರು ತಾನು ಕಾಯುತ್ತಿದ್ದವರಲ್ಲ ಅಂತ ತಿಳಿದ ಹಾಗೆ, ಕತ್ತಿನಿಂದ ಬಾಲದವರೆಗೆ ಕೂದಲನ್ನೆಲ್ಲ ನಿಮಿರಿಸಿ ಇದ್ದದ್ದಕ್ಕಿಂತ ಎಷ್ಟೋ ಪಾಲು ದೊಡ್ಡದಾಯಿತು.

ಅವಳು ಬ್ರೇಕ್ ತುಳಿದು ಸ್ಟೇರಿಂಗ್ ಎಳೆದಳು. ವ್ಯಾನ್ ಒದ್ದೆ ರಸ್ತೆಯಲ್ಲಿ ಜಾರಿ ಬದಿಯ ಮೈಲಿಗಲ್ಲಿಗೆ ಬಡಿದು ನಿಂತಿತು. ಹಿಂದೆ ಟ್ರೇಗಳೆಲ್ಲ ಒಂದರ ಮೇಲೊಂದು ಉರುಳಿದವು. ತಲೆ ಎತ್ತಿ ನೋಡಿದಾಗ ಪ್ರಾಣಿ ಪೊದೆಯ ಕಡೆ ಹೋಗುತ್ತಿತ್ತು, ಕುಂಟುತ್ತ. ಅಯ್ಯೋ, ಗಾಡಿ ತಾಗಿಸಿಬಿಟ್ಟೆನಾ ಅಂದುಕೊಂಡಳು.

ಇಳಿದು ನೋಡಿದಳು. ರಸ್ತೆಯ ಮೇಲೆ ರಕ್ತ ಇರಲಿಲ್ಲ. ಮುಂದಿನ ಬಂಪರಿನ ಎಡಮೂಲೆ ಒಳಗೆ ಹೋಗಿತ್ತು. ಬನ್ನುಗಳು ಅಪ್ಪಚ್ಚಿಯಾಗಿದ್ದವು.

ಬೇಕರಿ ಯಜಮಾನರು ಬಂಪರನ್ನು ಒಮ್ಮೆ ನೋಡಿದರು, ಅವಳನ್ನು ಒಮ್ಮೆ ನೋಡಿದರು. ಒಳ್ಳೆಯ ಮನುಷ್ಯ, ಕೂಗಾಡುವವರಲ್ಲ. ಅದೇ ಕಷ್ಟವಾಗಿತ್ತು.

"ನಿದ್ದೆ ಹತ್ತಿತ್ತೇನಮ್ಮ?"

"ಇಲ್ಲ ಯಜಮಾನ್ರೇ. ಪ್ರಾಣಿ ಅಡ್ಡ ಬಂತು."

"ಎಂಥ ಪ್ರಾಣಿ?"

ಅವಳು ಹೇಳಿದಳು. ಹೇಳುತ್ತಾ ಹೋದ ಹಾಗೆ ತನ್ನ ಮಾತು ತನಗೇ ಸುಳ್ಳಿನ ಹಾಗೆ ಕೇಳಿಸಿತು. ಮುಂದೆ ಎತ್ತರ, ಹಿಂದೆ ತಗ್ಗು, ಪಟ್ಟೆ, ಉಬ್ಬಿದ ಕೂದಲು. ಯಜಮಾನರು ಮೆಲ್ಲಗೆ ಮುಂದಕ್ಕೆ ಬಾಗಿ ಅವಳ ಉಸಿರಿನ ವಾಸನೆ ಹಿಡಿಯಲು ನೋಡಿದರು. ಹಾಲಿನ ಪಾತ್ರೆಗೆ ತಾನು ಮಾಡುವುದನ್ನೇ ಇವರು ತನಗೆ ಮಾಡುತ್ತಿದ್ದಾರೆ ಅಂತ ಅವಳಿಗೆ ತಿಳಿದು ಕಿವಿ ಬಿಸಿಯಾಯಿತು.

"ಫೋನ್ ನೋಡ್ತಾ ಇದ್ಯೇನೋ ಅಂದ್ಕೊಂಡೆ," ಅಂದರು ಅವರು. "ಹೋಗಲಿ ಬಿಡು. ಇನ್ನೊಂದು ಸಲ ಹೀಗಾಗೋದು ಬೇಡ."

ಮನೆಯಲ್ಲಿ ಗಂಡ ನಂಬಿದ. ಅವನು ನಂಬಿದ್ದರಿಂದ ಅವಳಿಗೆ ದೊಡ್ಡ ಉಪಕಾರವಾಗಲಿಲ್ಲ, ಏಕೆಂದರೆ ಅವನು ಎಲ್ಲರನ್ನೂ ನಂಬುತ್ತಿದ್ದ. ಅವಳ ಗಮನ ಹೋದದ್ದು ಮೈದುನನ ಕಡೆಗೆ.

ಮೈದುನ ಅವರ ಮನೆಯ ಹಿಂದಿನ ಕೋಣೆಯಲ್ಲೇ ಇದ್ದ. ಅವಳು ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅವನ ಜ್ವರಕ್ಕೆ ಒದ್ದೆಬಟ್ಟೆ ಹಾಕಿದವಳು ಇವಳೇ. ಈಗ ಬೆಳೆದು, ಕೋಳಿ ಫಾರಂ ಒಂದರಲ್ಲಿ ಪಿಕಪ್ ಗಾಡಿ ಓಡಿಸುತ್ತಿದ್ದ. ಮಾತು ಕಮ್ಮಿ. ಊಟಕ್ಕೆ ಕೂತರೆ ತಟ್ಟೆ ಬಿಟ್ಟು ತಲೆ ಎತ್ತುವವನಲ್ಲ. ಅಂಥವನು ಅವತ್ತು ತಲೆ ಎತ್ತಿದ.

"ಎಲ್ಲಿ ಕಂಡಿದ್ದು ಅತ್ತಿಗೆ? ತಿರುವಲ್ಲೇನಾ?"

"ಹೂಂ."

"ಯಾರಿಗೆಲ್ಲ ಹೇಳಿದ್ರಿ?"

"ಯಾಕೆ?"

"ಸುಮ್ನೆ ಕೇಳ್ದೆ. ಯಾವುದೋ ದೊಡ್ಡ ನಾಯಿ ಇರ್ಬೇಕು. ಮಂಜಲ್ಲಿ ಹಾಗೆ ಕಾಣುತ್ತೆ."

ಅಂದವನು ಊಟ ಅರ್ಧಕ್ಕೇ ಬಿಟ್ಟು ಎದ್ದ. ಅವಳು ತಟ್ಟೆ ನೋಡಿದಳು, ಅವನು ಹೋದ ದಿಕ್ಕು ನೋಡಿದಳು. ಮರುದಿನ ಹಿತ್ತಲಿಗೆ ಹೋದಾಗ ಅವನ ರಬ್ಬರ್ ಬೂಟುಗಳನ್ನು ತೊಳೆದು ಬೋರಲು ಹಾಕಿತ್ತು, ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ತಾನು ಉಟ್ಟ ಬಟ್ಟೆಯನ್ನೇ ನೆನೆಹಾಕದ ಹುಡುಗ ಬೂಟು ಯಾಕೆ ತೊಳೆದ ಅನ್ನುವ ಪ್ರಶ್ನೆ ಅವಳ ತಲೆಯಲ್ಲಿ ಹುಳದ ಹಾಗೆ ಸೇರಿಕೊಂಡಿತು.

ಅಷ್ಟರಲ್ಲಿ ಸುದ್ದಿಗೆ ರೆಕ್ಕೆಪುಕ್ಕ ಬಂದಿತ್ತು. ಅವಳು ಮೊದಲ ಅಂಗಡಿಯಲ್ಲಿ ಹೇಳಿದಾಗ ಪ್ರಾಣಿ ನಾಯಿಗಿಂತ ಸ್ವಲ್ಪ ದೊಡ್ಡದು. ಅವಳ ವ್ಯಾನು ಮುಂದಿನ ಹಳ್ಳಿ ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿರುತ್ತಿತ್ತು, ಅಲ್ಲಿ ಅದು ಕರುವಿನಷ್ಟಾಗಿತ್ತು. ದಾರಿಯ ಕೊನೆಯ ಅಂಗಡಿಯ ಹೊತ್ತಿಗೆ ಅದಕ್ಕೆ ಹೊರಗೆ ಚಾಚಿದ ಕೋರೆ ಬಂದಿತ್ತು, ಮನುಷ್ಯರ ಹಾಗೆ ನಗುತ್ತಿತ್ತು ಕೂಡ. "ನೀವೇ ನೋಡಿದ್ದಂತೆ ಅಕ್ಕಾ" ಅಂತ ಅಂಗಡಿಯವನು ಅವಳಿಗೇ ಅದರ ವರ್ಣನೆ ಕೊಟ್ಟ. ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗಲು ದೊಡ್ಡವರು ಕೋಲು ಹಿಡಿದು ಹೊರಟರು.

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ತಿರುವಿನ ಆಚೆ ಕುರಿ ಸಾಕಿಕೊಂಡಿದ್ದ ಒಬ್ಬ ಹೆಂಗಸು ಇದ್ದಳು, ಕುರಿಯಮ್ಮ ಅಂತ ಎಲ್ಲರೂ ಕರೆಯುತ್ತಿದ್ದರು. ಗಟ್ಟಿ ಜೀವ. ಒಂದೊಂದು ಕುರಿಯ ಕೆಮ್ಮನ್ನೂ ಗುರುತು ಹಿಡಿಯುವಳು. ಅವಳ ಒಂದು ಮರಿ ಕಾಣೆಯಾಗಿತ್ತು, ಅದೂ ಅದೇ ಬೆಳಗ್ಗೆ.

ಕುರಿಯಮ್ಮ ತಿರುವಿನ ಹತ್ತಿರದ ಅಂಗಡಿಯ ಮುಂದೆ ಬ್ರೆಡ್ಡಕ್ಕನಿಗಾಗಿ ಕಾದು ನಿಂತಿದ್ದಳು. ವ್ಯಾನ್ ನಿಂತದ್ದೇ ಬಂಪರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಳಹೋದ ಮೂಲೆಯ ಮೇಲೆ ಕೈಯಾಡಿಸಿದಳು.

"ಇದು ಏನಕ್ಕೆ ಬಡಿದಿದ್ದು?"

"ಮೈಲಿಗಲ್ಲಿಗೆ."

"ಅದಕ್ಕೇ ಬಡೀತು ಅಂತ ನೋಡಿದೋರು ಯಾರು?"

ಅಂಗಡಿಯ ಮುಂದೆ ಕೂತಿದ್ದವರು ಎದ್ದು ಹತ್ತಿರ ಬಂದರು.

"ನನ್ನ ಮರಿ ಹೋಯ್ತು," ಅಂದಳು ಕುರಿಯಮ್ಮ. "ನಿನ್ನ ಗಾಡಿ ಜಜ್ಜಿದೆ. ಎರಡೂ ಒಂದೇ ದಿನ. ಮರಿಗೆ ಗುದ್ದಿ, ಎತ್ತಿ ಗಾಡಿಗೆ ಹಾಕ್ಕೊಂಡು ಹೋಗಿ, ಆಮೇಲೆ ಪಟ್ಟೆ ಪ್ರಾಣಿ ಕಥೆ ಕಟ್ಟಿದ್ದೀಯಾ ಅಂತ ಕೇಳಿದ್ರೆ ಏನು ಹೇಳ್ತೀಯ?"

ಬ್ರೆಡ್ಡಕ್ಕನಿಗೆ ಸಿಟ್ಟು ಬರಲಿಲ್ಲ. ಯಾಕೆಂದರೆ ಅದು ಬಿಗಿಯಾದ ಲೆಕ್ಕಾಚಾರ. ಕುರಿಯಮ್ಮನ ಜಾಗದಲ್ಲಿ ತಾನಿದ್ದರೂ ಇದನ್ನೇ ಕೇಳುತ್ತಿದ್ದೆ ಅಂತ ಅವಳಿಗೆ ಅನ್ನಿಸಿತು. "ಗಾಡಿ ಬಾಗಿಲು ತೆಗೆದು ನೋಡಿ," ಅಂದಳು. ಕುರಿಯಮ್ಮ ನೋಡಿದಳು ಕೂಡ, ಟ್ರೇ ಟ್ರೇ ಸರಿಸಿ. ಒಂದು ಕೂದಲೂ ಸಿಗಲಿಲ್ಲ. "ತೊಳೆದಿರ್ತೀಯ" ಅಂದು ಇಳಿದಳು.

ಅಂದಿನಿಂದ ಅವಳ ದಾರಿ ಬದಲಾಯಿತು. ರಸ್ತೆ ಅದೇ, ಅಂಗಡಿಗಳೂ ಅವೇ. ಬನ್ನು ತೆಗೆದುಕೊಳ್ಳುವವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಅವಳು ಹೊರಡುವವರೆಗೂ ಬಾಯಿಗೆ ಬೀಗ ಹಾಕಿಕೊಂಡು, ಹೊರಟ ಮೇಲೆ ಮಾತಾಡುತ್ತಿದ್ದರು. ಬೇಕರಿ ಯಜಮಾನರ ಕಿವಿಗೂ ಬಿತ್ತು. "ಕುರಿ ವಿಷಯ ಏನೋ ಕೇಳಿದೆ" ಅಂದರು, ಅಷ್ಟೇ. ಬೇರೆ ಡ್ರೈವರ್ ಒಬ್ಬನನ್ನು ಹುಡುಕುತ್ತಿದ್ದಾರೆ ಅಂತ ಒಲೆಯ ಹತ್ತಿರ ಕೆಲಸ ಮಾಡುವವರು ಹೇಳಿದರು.

ಅವಳ ಮೇಲೆ ಅನುಮಾನ ಇಲ್ಲದವರಿಗೆ ಇನ್ಯಾರದೋ ಮೇಲೆ ಇತ್ತು. ಕ್ವಾರಿಯಲ್ಲಿ ಕಲ್ಲು ಒಡೆಯಲು ದೂರದೂರಿಂದ ಬಂದವರು ತಗಡಿನ ಶೆಡ್ಡುಗಳಲ್ಲಿ ಇದ್ದರು. ಅವರ ಮಾತು ಇಲ್ಲಿಯವರಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಅಷ್ಟು ಸಾಕಾಯಿತು. ಮರಿ ಕದ್ದು ತಿಂದವರು ಅವರೇ, ಪ್ರಾಣಿಯನ್ನು ಎಲ್ಲಿಂದಲೋ ತಂದು ಸಾಕಿ ಬಿಟ್ಟವರೂ ಅವರೇ ಅಂತ ಮಾತು ಹುಟ್ಟಿತು. ಒಂದು ಸಂಜೆ ಯಾರೋ ಶೆಡ್ಡುಗಳ ಮೇಲೆ ಕಲ್ಲೆಸೆದರು. ಒಬ್ಬ ಹೆಂಗಸಿನ ಹುಬ್ಬಿನ ಮೇಲೆ ಗಾಯವಾಗಿತ್ತು. ಬಟ್ಟೆ ಕಟ್ಟಿಕೊಂಡು ಅವಳು ಬ್ರೆಡ್ಡು ಕೊಳ್ಳಲು ತಿರುವಿನ ಅಂಗಡಿಗೆ ಬಂದಾಗ, ಅಂಗಡಿಯವನು ಖಾಲಿಯಾಗಿದೆ ಅಂದ. ಬ್ರೆಡ್ಡಕ್ಕ ಆಗಷ್ಟೇ ಟ್ರೇ ಇಳಿಸಿದ್ದಳು. ಅವಳು ಅಂಗಡಿಯವನ ಮುಖ ನೋಡಿದಳು, ಅವನು ಬೇರೆ ಕಡೆ ನೋಡಿದ. ಆ ಹೆಂಗಸು ರಸ್ತೆಗಿಳಿದ ಮೇಲೆ ಬ್ರೆಡ್ಡಕ್ಕ ವ್ಯಾನಿನಿಂದ ಒಂದು ಪೊಟ್ಟಣ ತೆಗೆದು ಅವಳ ಕೈಗೆ ಕೊಟ್ಟಳು. ಆ ಹೆಂಗಸು ಅದನ್ನು ಹಿಡಿದುಕೊಂಡು, ಇದರಲ್ಲಿ ಏನಿದೆ ಅನ್ನುವ ಹಾಗೆ ಅನುಮಾನದಿಂದ ನೋಡಿದಳು.

ರಜೆಯ ದಿನ ಮಧ್ಯಾಹ್ನ ಬ್ರೆಡ್ಡಕ್ಕ ಗಂಡನನ್ನು ಕರೆದಳು. "ಏಳ್ರಿ, ಹೋಗಿ ನೋಡಿಬರೋಣ."

"ನಾನು ಬಂದು ಏನು ನೋಡ್ಲಿ?"

"ನೀವು ಕೇಳಿಸ್ಕೊಳ್ಳಿ. ನೋಡೋದು ನಾನು."

ತಿರುವಿನಲ್ಲಿ ಗಾಡಿ ನಿಲ್ಲಿಸಿ, ಅವನ ಕೈ ಹಿಡಿದುಕೊಂಡು ಹಳೇ ಗುಂಡಿಗಳ ಕಡೆ ನಡೆದಳು. ಪ್ರಾಣಿ ಸತ್ತು ಬಿದ್ದಿದೆಯಾ ಅನ್ನುವುದು ಅವಳ ಮೊದಲ ಚಿಂತೆ. ಕುಂಟುತ್ತಿದ್ದುದು ಕಣ್ಣಿಂದ ಹೋಗಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಗಂಡ ನಿಂತ.

"ನಾತ."

"ಯಾವ ಕಡೆಯಿಂದ?"

ಅವನು ಮುಖ ಎತ್ತಿ ಗಾಳಿ ಹಿಡಿದು ಎಡಕ್ಕೆ ಕೈ ತೋರಿಸಿದ. ಪೊದೆ ಸರಿಸಿ ಹೋದರೆ ಆಳವಾದ ಗುಂಡಿ, ಅದರ ತುಂಬ ಸತ್ತ ಕೋಳಿಗಳು. ಕೆಲವು ಗೋಣಿಚೀಲಗಳಲ್ಲಿ, ಕೆಲವು ಚೀಲ ಹರಿದು ಹೊರಗೆ. ಬಿಳಿ ಪುಕ್ಕ ಮುಳ್ಳಿಗೆಲ್ಲ ಅಂಟಿಕೊಂಡಿತ್ತು. ಅಂಚಿನ ಕೆಸರಿನಲ್ಲಿ ಗಾಡಿಯ ಗುರುತು, ಅದರ ಮೇಲೆ ದೊಡ್ಡ ಹೆಜ್ಜೆಗಳು. ಅವಳು ಸೆರಗು ಮೂಗಿಗೆ ಒತ್ತಿಕೊಂಡು ಬಗ್ಗಿದಳು.

ಆಗ ಗಂಡ ಅವಳ ತೋಳು ಹಿಡಿದ. "ಏನೋ ಎಲುಬು ಕಡೀತಾ ಇದೆ. ಮೆತ್ತಗೆ. ಆಚೆ ಬದಿ."

ಗುಂಡಿಯ ಆಚೆ ಬಂಡೆಯ ನೆರಳಿನಲ್ಲಿ ಅದು ಇತ್ತು. ಬಾಯಲ್ಲಿ ಕೋಳಿ. ಇವಳನ್ನು ನೋಡಿತು, ಕಡಿಯುವುದನ್ನು ನಿಲ್ಲಿಸಿತು. ಹಗಲಿನಲ್ಲಿ ಅದು ಅವಳಿಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಆಮೇಲೆ ಎದ್ದು, ಅದೇ ಕುಂಟು ನಡಿಗೆಯಲ್ಲಿ, ಏನೂ ಅವಸರವಿಲ್ಲದೆ ಬಂಡೆಯ ಹಿಂದೆ ಹೋಯಿತು.

"ಕಂಡಿತಾ?" ಅಂತ ಕೇಳಿದ ಗಂಡ.

"ಕಂಡಿತು. ನೀವೂ ನೋಡಿದ್ರಿ ಅಂತ ಹೇಳ್ತೀರಾ?"

"ನಾನು ನೋಡಿದೆ ಅಂದ್ರೆ ನಗ್ತಾರೆ ಕಣೇ. ಹೆಂಡತಿ ಪರವಾಗಿ ಸಾಕ್ಷಿ ಹೇಳೋದಕ್ಕೂ ಬಾರದ ಕಣ್ಣು ಇದು." ಅವನು ಹೀಗೆ ಮಾತಾಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಹಿಂತಿರುಗುವಾಗ ಅವಳ ಕಣ್ಣು ಒಂದು ಚೀಲದ ಬಾಯಿಯ ಮೇಲೆ ಬಿತ್ತು. ಅದನ್ನು ಹಗ್ಗದಿಂದ ಕಟ್ಟಿರಲಿಲ್ಲ, ಬಟ್ಟೆಯ ಪಟ್ಟಿಯಿಂದ ಕಟ್ಟಿತ್ತು. ಹಳದಿ ಬಟ್ಟೆ, ಅದರ ಮೇಲೆ ಅರ್ಧ ಸೂರ್ಯಕಾಂತಿ ಹೂವು. ಪಕ್ಕದ ಚೀಲಕ್ಕೂ ಅದೇ. ಅವಳ ಮನೆಯ ಹಳೇ ಪರದೆ ಅದು. ಹರಿದು ಪಟ್ಟಿ ಮಾಡಿ ಹಿತ್ತಲಿನ ಡಬ್ಬದಲ್ಲಿ ಇಟ್ಟಿದ್ದಳು. ಗಾಡಿ ಒರೆಸೋಕೆ ಬೇಕು ಅತ್ತಿಗೆ ಅಂತ ಮೈದುನ ಕೆಲವನ್ನು ತೆಗೆದುಕೊಂಡಿದ್ದ.

ಅವಳು ಒಂದು ಪಟ್ಟಿ ಬಿಚ್ಚಿ ಮುಷ್ಟಿಯಲ್ಲಿ ಇಟ್ಟುಕೊಂಡಳು. ಗಂಡನಿಗೆ ಹೇಳಲಿಲ್ಲ.

ಸಂಜೆ ಮೈದುನ ಕೈಕಾಲು ತೊಳೆದು ಅಡುಗೆಮನೆಗೆ ಬಂದ. ಅವಳು ಅವನ ತಟ್ಟೆಯ ಪಕ್ಕದಲ್ಲಿ ಆ ಪಟ್ಟಿ ಇಟ್ಟಳು. ಅವನು ಅದನ್ನು ನೋಡಿದ. ಕೂರಲಿಲ್ಲ.

"ಎಷ್ಟು ದಿನದಿಂದ?" ಅಂತ ಕೇಳಿದಳು.

"ಸುಮಾರು ದಿನ ಆಯ್ತು. ಫಾರಂನಲ್ಲಿ ಕೋಳಿಗೆ ಏನೋ ಕಾಯಿಲೆ. ಗೊತ್ತಾದ್ರೆ ಮುಚ್ಚಿಸ್ತಾರೆ. ಯಾರಿಗೂ ಕಾಣದ ಹಾಗೆ ಎಸೆದು ಬಾ ಅಂದ್ರು. ಬೆಳಕಾಗೋ ಮುಂಚೆ ಹೋಗ್ತಿದ್ದೆ."

"ಆ ಪ್ರಾಣಿ ನಿಂಗೆ ಗೊತ್ತಿತ್ತು."

"ಹೂಂ. ಮೊದಮೊದಲು ದೂರದಲ್ಲಿ ನಿಲ್ತಿತ್ತು. ಆಮೇಲೆ ನನ್ನ ಗಾಡಿ ಸದ್ದು ಕೇಳಿದ್ರೆ ರಸ್ತೆಗೇ ಬಂದು ನಿಲ್ಲೋಕೆ ಶುರು ಮಾಡ್ತು. ಅವತ್ತು ನಾನು ಹೋಗಿರ್ಲಿಲ್ಲ. ನಿಮ್ಮ ಗಾಡೀನ ನಂದು ಅಂದ್ಕೊಂಡಿರ್ಬೇಕು."

"ನಾನು ಅದಕ್ಕೆ ಗುದ್ದಿದೆ ಅಂತ ದಿನಾ ಒದ್ದಾಡಿದ್ದೀನಿ."

"ಗುದ್ದಿಲ್ಲ ಅತ್ತಿಗೆ. ಅದು ನಡೆಯೋದೇ ಹಾಗೆ."

"ಇದನ್ನ ಹೇಳೋಕೆ ನಿಂಗೆ ಬಾಯಿ ಇರ್ಲಿಲ್ವಾ? ನಾನು ಮರಿ ಕದ್ದೆ ಅಂತ ಊರೆಲ್ಲ ಅನ್ನೋವಾಗ ನೀನು ಇದೇ ಜಾಗದಲ್ಲಿ ಕೂತು ಉಂಡು ಎದ್ದು ಹೋದೆ. ಮಂಜಲ್ಲಿ ನಾಯಿ ಹಾಗೆ ಕಾಣುತ್ತೆ ಅಂದೆ."

ಅವನು ಗೋಡೆ ನೋಡಿದ. "ಕೆಲಸ ಹೋಗುತ್ತೆ ಅಂತ."

"ಮರಿ ಏನಾಯ್ತು?"

"ಅದು ನಂಗೆ ನಿಜವಾಗ್ಲೂ ಗೊತ್ತಿಲ್ಲ."

ಅವಳು ಅವನ ಮುಖ ದಿಟ್ಟಿಸಿದಳು. ಕೈಯಾರೆ ಬೆಳೆಸಿದ ಹುಡುಗನ ಮುಖದಲ್ಲಿ ನಿಜ ಯಾವುದು ಸುಳ್ಳು ಯಾವುದು ಅಂತ ಹುಡುಕಬೇಕಾಗಿ ಬಂತಲ್ಲ ಅನ್ನುವುದು, ಊರಿನ ಮಾತಿಗಿಂತ ಹೆಚ್ಚು ನೋಯಿಸಿತು ಅಂತ ಆಮೇಲೆ ನಮ್ಮಮ್ಮನ ಹತ್ತಿರ ಹೇಳಿಕೊಂಡಳು.

"ನಾಳೆ ಬೆಳಗ್ಗೆ ತಿರುವಿನ ಅಂಗಡಿ ಹತ್ರ ಎಲ್ಲರೂ ಸೇರ್ತಾರೆ," ಅಂದಳು. "ಮಾಂಸಕ್ಕೆ ವಿಷ ಬೆರೆಸಿ ತಿರುವಿನಲ್ಲಿ ಇಡ್ತಾರಂತೆ. ಕ್ವಾರಿ ಜನಾನ ಓಡಿಸೋ ಮಾತೂ ಇದೆ. ನೀನು ನನ್ನ ಜೊತೆ ಬಂದು ಇದ್ದದ್ದು ಇದ್ದ ಹಾಗೆ ಹೇಳು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವನು ಉಣ್ಣದೆ ತನ್ನ ಕೋಣೆಗೆ ಹೋದ. ಬೆಳಗ್ಗೆ ಅವಳು ಎದ್ದಾಗ ಹಿಂದಿನ ಕೋಣೆ ಖಾಲಿಯಾಗಿತ್ತು. ಹಾಸಿಗೆ ಸುತ್ತಿಟ್ಟಿತ್ತು, ಅವನ ಚೀಲ ಇರಲಿಲ್ಲ.

ಗಂಡನಿಗೆ ಆಗ ಎಲ್ಲವನ್ನೂ ಹೇಳಿದಳು. ಅವನು ಹಾಸಿಗೆಯ ಮೇಲೆ ಕೂತು ಕೇಳಿದ. ಅವನ ತಮ್ಮ, ಅಪ್ಪ ಅಮ್ಮ ಹೋದ ಮೇಲೆ ಅವನೇ ಬೆಳೆಸಿದ ತಮ್ಮ. "ಏನು ಮಾಡ್ತೀಯ?" ಅಂತ ಕೇಳಿದ.

"ನೀವು ಬೇಡ ಅಂದ್ರೆ ಹೆಸರು ಹೇಳಲ್ಲ."

ಅವನು ಅಂಗಿ ತೊಟ್ಟುಕೊಂಡ. "ಬೇಡ ಅನ್ನಲ್ಲ," ಅಂದ. "ನಾನೂ ಬರ್ತೀನಿ."

ಅಂಗಡಿಯ ಮುಂದೆ ಸಾಕಷ್ಟು ಜನ ಇದ್ದರು. ಒಂದು ಬಕೆಟ್ಟಿನಲ್ಲಿ ಮಾಂಸ, ಮೇಲೆ ತಟ್ಟೆ ಮುಚ್ಚಿತ್ತು. ಕುರಿಯಮ್ಮ ಬಕೆಟ್ಟಿನ ಪಕ್ಕದಲ್ಲೇ ನಿಂತಿದ್ದಳು. ಬ್ರೆಡ್ಡಕ್ಕ ಬನ್ನಿನ ಟ್ರೇ ಇಳಿಸಲಿಲ್ಲ. ವ್ಯಾನಿನ ಹಿಂಬಾಗಿಲು ತೆಗೆದು, ಹಿಂದಿನ ದಿನ ಗುಂಡಿಯ ಹತ್ತಿರದಿಂದ ಎತ್ತಿ ತಂದಿದ್ದ ಹರಿದ ಖಾಲಿ ಚೀಲವನ್ನು ಎಲ್ಲರ ನಡುವೆ ಹಾಕಿದಳು. ಒಂದೆರಡು ಪುಕ್ಕ ಹಾರಿದವು. ಗುಂಡಿ, ಕೋಳಿ, ಎಲುಬು ಕಡಿಯುತ್ತಿದ್ದ ಪ್ರಾಣಿ, ಎಲ್ಲವನ್ನೂ ಹೇಳಿದಳು.

"ನೀನು ಹೇಳಿದ್ದನ್ನೇ ಹೇಳ್ತಿದ್ದೀಯ," ಅಂದಳು ಕುರಿಯಮ್ಮ. "ಕೋಳಿ ಹಾಕಿದೋರು ಯಾರು ಅದನ್ನ ಹೇಳು."

"ಕ್ವಾರಿಯವರೇ ಹಾಕಿರ್ತಾರೆ," ಅಂದ ಹಿಂದಿನಿಂದ ಒಬ್ಬ. "ತಿಂದು ಎಸೆದಿರೋದು." ಹೌದು ಹೌದು ಅಂತ ಇನ್ನಿಬ್ಬರು ಸೇರಿಕೊಂಡರು. ಯಾರೋ ಕೋಲು ನೆಲಕ್ಕೆ ಕುಟ್ಟಿದರು. ಕ್ವಾರಿಯ ಶೆಡ್ಡುಗಳು ಅಲ್ಲಿಂದ ಕೂಗಳತೆ ದೂರ.

ಬ್ರೆಡ್ಡಕ್ಕ ಗಂಡನ ಕಡೆ ನೋಡಿದಳು. ಅವನಿಗೆ ಅವಳ ನೋಟ ಕಾಣುತ್ತಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ. ಅವನು ಹೇಳುವ ಮುಂಚೆ ಅವಳೇ ಹೇಳಿದಳು.

"ಕ್ವಾರಿಯವರಲ್ಲ. ನನ್ನ ಮೈದುನ. ಫಾರಂ ಗಾಡಿಯಲ್ಲಿ ತಂದು ಹಾಕಿದ್ದಾನೆ. ಚೀಲ ಕಟ್ಟಿದ್ದು ನಮ್ಮನೆ ಬಟ್ಟೆಯಿಂದ." ಸೂರ್ಯಕಾಂತಿಯ ಪಟ್ಟಿಯನ್ನು ಬಿಡಿಸಿ ತೋರಿಸಿದಳು. "ಬೇಕಾದ್ರೆ ನಮ್ಮ ಹಿತ್ತಲಿಗೆ ಬನ್ನಿ, ಉಳಿದ ಪಟ್ಟಿಗಳು ಡಬ್ಬದಲ್ಲಿವೆ."

ಒಬ್ಬ ಹೆಂಗಸು ತನ್ನ ಮನೆಯ ಹುಡುಗನ ಹೆಸರನ್ನು ತಾನೇ ತೆಗೆದು ನಡುಬೀದಿಯಲ್ಲಿ ಇಟ್ಟರೆ ಅದನ್ನು ಯಾರೂ ಸುಳ್ಳು ಅನ್ನಲಾರರು. ಕೋಲು ಕುಟ್ಟಿದವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಕುರಿಯಮ್ಮ ಚೀಲವನ್ನು ಕಾಲಿನಿಂದ ಹೊರಳಿಸಿ, ಬಗ್ಗಿ ವಾಸನೆ ನೋಡಿ, "ನಡೀರಿ ನೋಡೋಣ" ಅಂದಳು. ಎಲ್ಲರೂ ಗುಂಡಿಯ ಕಡೆ ಹೊರಟರು. ಬಕೆಟ್ಟು ಅಲ್ಲೇ ಉಳಿಯಿತು. ಅಂಗಡಿಯವನು ಅದನ್ನು ನಾಯಿಗಳು ಮುಟ್ಟದ ಹಾಗೆ ಒಳಗಿಟ್ಟು, ಆಮೇಲೆ ಹೂತುಹಾಕಿದ.

ಅರಣ್ಯ ಇಲಾಖೆಯಿಂದ ಒಬ್ಬ ಗಾರ್ಡ್ ಬಂದ. ಹೆಜ್ಜೆ ನೋಡಿ, ಕತ್ತೆಕಿರುಬ, ಪಟ್ಟೆ ಇರುವ ಜಾತಿಯದು ಅಂದ. ಮುಂಗಾಲು ಉದ್ದ, ಹಿಂಗಾಲು ಗಿಡ್ಡ, ಅದಕ್ಕೇ ನೋಡಿದವರಿಗೆ ಕುಂಟಿದ ಹಾಗೆ ಕಾಣುತ್ತದೆ. ಹೆಚ್ಚಾಗಿ ಸತ್ತದ್ದನ್ನೇ ತಿನ್ನುವ ಪ್ರಾಣಿ, ಹೆದರಿದಾಗ ಕೂದಲು ಉಬ್ಬಿಸುತ್ತದೆ, ಮನುಷ್ಯರ ತಂಟೆಗೆ ಬರುವುದಿಲ್ಲ ಅಂದ. "ಮರಿ ತಿಂದಿರಬಹುದಾ?" ಅಂತ ಕುರಿಯಮ್ಮ ಕೇಳಿದಳು. "ತಿಂದಿರಬಹುದು, ತಿಂದಿಲ್ಲದೆಯೂ ಇರಬಹುದು," ಅಂದ ಗಾರ್ಡ್. ಆ ಉತ್ತರ ಯಾರಿಗೂ ಹಿಡಿಸಲಿಲ್ಲ. ಮರಿ ಏನಾಯಿತು ಅನ್ನುವುದು ಇವತ್ತಿಗೂ ಗೊತ್ತಿಲ್ಲ. ಕುರಿಯಮ್ಮ ಬ್ರೆಡ್ಡಕ್ಕನ ಹತ್ತಿರ ತಪ್ಪಾಯ್ತು ಅನ್ನಲಿಲ್ಲ. ಬನ್ನು ಕೊಳ್ಳಲು ಶುರುಮಾಡಿದಳು, ತಿರುಗಿಸಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ಗುಂಡಿಗೆ ಸುಣ್ಣ ಸುರಿದು ಮಣ್ಣು ಮುಚ್ಚಿದರು. ಫಾರಂನ ಬಾಗಿಲಿಗೆ ಕೆಲವು ತಿಂಗಳು ಬೀಗ ಬಿತ್ತು. ಕೋಳಿ ಸಿಗದಾದ ಮೇಲೆ ಪ್ರಾಣಿಯೂ ತಿರುವು ಬಿಟ್ಟು ಹೋಯಿತು. ಬೇಕರಿ ಯಜಮಾನರು ಹೊಸ ಡ್ರೈವರಿನ ಮಾತು ಮತ್ತೆ ಎತ್ತಲಿಲ್ಲ. ಶೆಡ್ಡಿನ ಹೆಂಗಸು ಹುಬ್ಬಿನ ಗಾಯ ಮಾಗಿದ ಮೇಲೂ ಅಂಗಡಿಗೆ ಹೋಗದೆ ವ್ಯಾನ್ ಬರುವ ಹೊತ್ತಿಗೆ ರಸ್ತೆಗೇ ಬಂದು ಬ್ರೆಡ್ಡು ತೆಗೆದುಕೊಳ್ಳುತ್ತಿದ್ದಳು.

ಮೈದುನ ಮನೆಗೆ ಬರಲಿಲ್ಲ. ಪೇಟೆಯ ಇನ್ನೊಂದು ತುದಿಯಲ್ಲಿ ಗೆಳೆಯನ ಜೊತೆ ಇದ್ದಾನೆ, ನೀರಿನ ಟ್ಯಾಂಕರ್ ಓಡಿಸುತ್ತಾನೆ ಅಂತ ತಿಳಿಯಿತು. ಎದುರಿಗೆ ಸಿಕ್ಕರೆ ಅಡ್ಡರಸ್ತೆ ಹಿಡಿಯುತ್ತಿದ್ದ. ಅವನ ಕೋಣೆಯನ್ನು ಬ್ರೆಡ್ಡಕ್ಕ ಗುಡಿಸುತ್ತಿದ್ದಳು, ಬೇರೆ ಯಾವುದಕ್ಕೂ ಬಳಸಲಿಲ್ಲ.

ಮಳೆಗಾಲ ಕಳೆದ ಮೇಲೆ ಅವಳ ಗಂಡ ತಾನಾಗಿಯೇ ಆಪರೇಷನ್ನಿಗೆ ಒಪ್ಪಿದ. ಏನು ಮನಸ್ಸು ಬದಲಾಯ್ತು ಅಂತ ಯಾರಾದರೂ ಕೇಳಿದರೆ, ಕಾಣದೆ ಸಾಕಾಯ್ತು ಅನ್ನುತ್ತಿದ್ದ. ಆಪರೇಷನ್ನಿನ ಬೆಳಗ್ಗೆಯೂ ಅವಳು ವ್ಯಾನಿನ ಕೆಲಸ ತಪ್ಪಿಸುವಂತಿರಲಿಲ್ಲ. ಹಂಚಿ ಮುಗಿಸಿ ಆಸ್ಪತ್ರೆಗೆ ಓಡಿದರೆ, ಹೊರಗಿನ ಬೆಂಚಿನ ಮೇಲೆ ಮೈದುನ ಕೂತಿದ್ದ. ಅಣ್ಣನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ.

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಒಳಗೆ ಕರ್ಕೊಂಡು ಹೋಗಿದ್ದಾರೆ," ಅಂದ. "ಹೆದರಿದ್ದ. ಕೈ ಹಿಡ್ಕೊಂಡಿದ್ದೆ."

"ತಿಂದ್ಯಾ ಏನಾದ್ರೂ?"

"ಇಲ್ಲ."

ಚೀಲದಿಂದ ಬನ್ನು ತೆಗೆದು ಕೊಟ್ಟಳು. ಅವನು ಅರ್ಧ ತಿಂದ ಮೇಲೆ ಕೇಳಿದ: "ಅಷ್ಟು ಜನರ ಎದುರು ನನ್ನ ಹೆಸರು ಹೇಳೋ ಬದಲು ಫಾರಂನವರು ಅಂದಿದ್ರೆ ಆಗ್ತಿರ್ಲಿಲ್ವಾ ಅತ್ತಿಗೆ?"

"ಫಾರಂನವರು ಅಂದಿದ್ರೆ ಯಾರು ನಂಬ್ತಿದ್ರು? ಕಳ್ಳಿ ಇನ್ನೊಬ್ಬರ ಮೇಲೆ ಹಾಕ್ತಿದ್ದಾಳೆ ಅಂತಿದ್ರು. ಆಗ ಕ್ವಾರಿ ಜನಾನ ಹೊಡೆದಿರೋರು. ಬಾ ಅಂತ ನಿನ್ನ ಕರೆದೆ. ನೀನು ಎದ್ದು ಹೋದೆ."

ಅವನು ಉಳಿದ ಬನ್ನನ್ನು ಕೈಯಲ್ಲೇ ಇಟ್ಟುಕೊಂಡ. "ನನ್ನ ಮೇಲೆ ಇನ್ನೂ ಅನುಮಾನ ಇದೆಯಾ?"

"ಇದೆ," ಅಂದಳು ಅವಳು. "ಮರಿ ವಿಷಯದಲ್ಲಿ ಇಲ್ಲ. ಮತ್ತೆ ಎದ್ದು ಹೋಗ್ತೀಯ ಅನ್ನೋ ವಿಷಯದಲ್ಲಿ ಇದೆ."

ನರ್ಸ್ ಬಂದು ಒಳಗೆ ಕರೆದಾಗ ಇಬ್ಬರೂ ಎದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅಣ್ಣನನ್ನು ಒಂದು ಕಡೆ ಅವಳು, ಒಂದು ಕಡೆ ಅವನು ಹಿಡಿದುಕೊಂಡು ಮೆಟ್ಟಿಲಿಳಿದರು. ಅದಾದ ಮೇಲೆ ಅವನು ದಿನಾ ಸಂಜೆ ಬಂದು ಅಣ್ಣನ ಕಣ್ಣಿಗೆ ಔಷಧಿ ಹಾಕಿ ಹೋಗುತ್ತಿದ್ದ. ಕೆಲವು ದಿನ ಊಟ ಮಾಡಿಕೊಂಡು ಹೋಗುತ್ತಿದ್ದ, ಕೆಲವು ದಿನ ಇಲ್ಲ. ಹಿಂದಿನ ಕೋಣೆಯಲ್ಲಿ ಮಲಗಲು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.